ಲೆಸ್ಟರ್‌ನ ಗುಜರಾತಿ, ಬ್ರಾಡ್‌ಫರ್ಡ್‌ನ ಮೀರ್‌ಪುರಿ: ಬ್ರಿಟನ್‌ನಲ್ಲಿ ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ ಯಾಕೆ?

2022ರ ಅಕ್ಟೋಬರ್‌ನಲ್ಲಿ ರಿಷಿ ಸುನಕ್ ಬ್ರಿಟನ್ ಪ್ರಧಾನಿಯಾದರು. ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಗಂಡ ಅನ್ನೋ ಕಾರಣಕ್ಕೆ ನಮ್ಮಲ್ಲೂ ಒಂದಿಷ್ಟು ದಿನ ‘ಕರ್ನಾಟಕದ ಅಳಿಯ’ ಅಂತ ಸಂಭ್ರಮ ನಡೆಯಿತು. ಇಂಥ ಸಂಭ್ರಮದ ಬೆನ್ನಿಗೇ ಒಂದು ಮಾತು ಬರುತ್ತದೆ. ಭಾರತದಿಂದ ಹೋದವರು ಅಲ್ಲಿ ಉದ್ಧಾರವಾದರು, ಪಾಕಿಸ್ತಾನದಿಂದ ಹೋದವರು ಹಿಂದೆ ಬಿದ್ದರು. ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ಹೋದವರು, ನೋಡೋಕೂ ಒಂದೇ ಥರ ಇದ್ದವರು. ಹಾಗಿದ್ದ ಮೇಲೆ ಇದು ಸಂಸ್ಕಾರದ ವ್ಯತ್ಯಾಸವೇ ತಾನೇ, ಅಂತ.

ಅಂಕಿಗಳ ಮಟ್ಟಿಗೆ ಆ ಮಾತು ಸುಳ್ಳಲ್ಲ. ಅದಕ್ಕೆ ಅಂಟಿಸುವ ಕಾರಣದ ಬಗ್ಗೆ ನನ್ನ ತಕರಾರು. ಎರಡು ವಲಸೆ ಸಮುದಾಯಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ನಾವು ಎರಡು ಸಂಸ್ಕೃತಿಗಳನ್ನು ಹೋಲಿಸುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಬಹಳಷ್ಟು ಸಲ ಅಲ್ಲಿ ಹೋಲಿಕೆಯಾಗುತ್ತಿರುವುದು ಯಾರು ಊರು ಬಿಟ್ಟರು, ಯಾವ ಊರಲ್ಲಿ ಇಳಿದರು ಅನ್ನುವ ಎರಡು ಸಂಗತಿಗಳು. ಬ್ರಿಟನ್ನಿನ ಈ ಕಥೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಅಂಕಿಗಳನ್ನೇ ನೋಡೋಣ. 2021ರ ಜನಗಣತಿ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಭಾರತೀಯ ಮೂಲದವರು ಅಂತ ಗುರುತಿಸಿಕೊಂಡವರು ಸುಮಾರು 18.6 ಲಕ್ಷ. ಪಾಕಿಸ್ತಾನಿ ಮೂಲದವರು ಸುಮಾರು 15.9 ಲಕ್ಷ. ಸಂಬಳಕ್ಕೆ ಬಂದರೆ, ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಲೆಕ್ಕದಲ್ಲಿ ಬಿಳಿಯ ಬ್ರಿಟಿಷರ ಒಂದು ಗಂಟೆಯ ದುಡಿಮೆಗೆ 12.49 ಪೌಂಡ್, ಭಾರತೀಯರಿಗೆ 14.43, ಪಾಕಿಸ್ತಾನಿಗಳಿಗೆ 10.55. ಇದು ಸರಾಸರಿಯಲ್ಲ, ಮಧ್ಯದ ಸಂಖ್ಯೆ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಂತವನ ಸಂಬಳ. ನಾಲ್ಕಾರು ಕೋಟ್ಯಧಿಪತಿಗಳು ಬಂದು ಸೇರಿದರೂ ಇದು ಅಲುಗಾಡುವುದಿಲ್ಲ. ಆದ್ದರಿಂದ ‘ಹಿಂದುಜಾ, ಮಿತ್ತಲ್ ಇದಾರಲ್ಲ, ಅದಕ್ಕೇ ಲೆಕ್ಕ ಹೆಚ್ಚಾಗಿದೆ’ ಅಂತ ತಳ್ಳಿಹಾಕೋಕೆ ಆಗಲ್ಲ. ಅಂತರ ನಿಜವಾಗಿಯೂ ಇದೆ.

ಅಣೆಕಟ್ಟು ಕಳಿಸಿದ ಜನ

ಬ್ರಿಟನ್ನಿನ ಪಾಕಿಸ್ತಾನಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಬೇರು ಇರುವುದು ಲಾಹೋರಿನಲ್ಲೂ ಅಲ್ಲ, ಕರಾಚಿಯಲ್ಲೂ ಅಲ್ಲ. ಮೀರ್‌ಪುರ ಮತ್ತು ಅದರ ಆಸುಪಾಸಿನ ಹಳ್ಳಿಗಳಲ್ಲಿ. ನಾವು ಪಾಕ್ ಆಕ್ರಮಿತ ಕಾಶ್ಮೀರ ಅನ್ನುತ್ತೇವಲ್ಲ, ಅದರ ದಕ್ಷಿಣದ ತುದಿ. ಕಲ್ಲುಗುಡ್ಡ, ಮಳೆ ನಂಬಿದ ಚೂರುಪಾರು ಹೊಲ. ಮನೆಮಾತು ಪಹಾಡಿ. ಈ ಊರುಗಳ ಗಂಡಸರು ಬ್ರಿಟಿಷರ ಕಾಲದಲ್ಲೇ ಹಡಗಿನ ಬಾಯ್ಲರ್‌ಗೆ ಕಲ್ಲಿದ್ದಲು ಸುರಿಯುವ ಕೆಲಸಕ್ಕೆ ಹೋಗುತ್ತಿದ್ದರು. ಹಾಗಾಗಿ ‘ವಿಲಾಯತ್’ ಅವರಿಗೆ ಹೊಸ ಮಾತಾಗಿರಲಿಲ್ಲ.

1960ರಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವೆ ಸಿಂಧೂ ನದಿ ಒಪ್ಪಂದ ಆಯಿತು. ಅದರ ಬೆನ್ನಲ್ಲೇ ಝೇಲಂ ನದಿಗೆ ಮಂಗ್ಲಾ ಅಣೆಕಟ್ಟು ಎದ್ದಿತು. 1967ಕ್ಕೆ ಕೆಲಸ ಮುಗಿಯುವ ಹೊತ್ತಿಗೆ ಹಳೆ ಮೀರ್‌ಪುರ ಪಟ್ಟಣ, ಡಡಿಯಾಲ್ ಮತ್ತು 250ಕ್ಕೂ ಹೆಚ್ಚು ಹಳ್ಳಿಗಳು ನೀರಿನಡಿ ಹೋದವು. ಮನೆ ಕಳೆದುಕೊಂಡವರು ಒಂದು ಲಕ್ಷಕ್ಕೂ ಮಿಕ್ಕಿ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನಮ್ಮ ಲಿಂಗನಮಕ್ಕಿ ತುಂಬಿ ಶರಾವತಿ ಕಣಿವೆ ಮುಳುಗಿತು. ಅಲ್ಲಿಂದ ಎದ್ದವರು ಶಿವಮೊಗ್ಗ ಜಿಲ್ಲೆಯ ಕಾಡಂಚಿಗೆ ಹೋಗಿ, ಇಷ್ಟು ವರ್ಷವಾದರೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಮೀರ್‌ಪುರದ ಮುಳುಗಡೆಯವರಲ್ಲಿ ಒಂದು ಪಾಲು ಪರಿಹಾರದ ದುಡ್ಡನ್ನು ಟಿಕೆಟ್‌ಗೆ ಹಾಕಿ ಇಂಗ್ಲೆಂಡಿಗೆ ಹೋಯಿತು. ಬ್ರಿಟನ್ ಆಗ ಕೆಲಸದ ವೋಚರ್, ಅಂದರೆ ಬಂದು ದುಡಿಯಲು ಪರವಾನಗಿ ಚೀಟಿ, ಕೊಡುತ್ತಿತ್ತು. ಒಬ್ಬ ಹೋದರೆ ತಮ್ಮನನ್ನು ಕರೆಸಿಕೊಂಡ, ತಮ್ಮ ಭಾವಮೈದುನನನ್ನು ಕರೆಸಿಕೊಂಡ. ಬಿರಾದರಿ, ಅಂದರೆ ಕುಲಬಾಂಧವರ ಬಳಗವೇ ಅವರಿಗೆ ಬ್ಯಾಂಕು, ಬಾಡಿಗೆ ಮನೆ, ಉದ್ಯೋಗ ಕಚೇರಿ ಎಲ್ಲ ಆಯಿತು.

ಎಲ್ಲಿಗೆ ಹೋದರು? ಎಲ್ಲಿ ಕೆಲಸ ಕಾದಿತ್ತೋ ಅಲ್ಲಿಗೆ. ಬ್ರಾಡ್‌ಫರ್ಡ್ ಉತ್ತರ ಇಂಗ್ಲೆಂಡಿನ ಉಣ್ಣೆ ಗಿರಣಿಗಳ ಊರು. ಯುದ್ಧದ ನಂತರ ಗಿರಣಿ ಮಾಲೀಕರು ದುಬಾರಿ ಹೊಸ ಯಂತ್ರಗಳನ್ನು ತಂದರು. ಅವು ದಿನದ 24 ಗಂಟೆ ಓಡಿದರಷ್ಟೇ ಹಾಕಿದ ದುಡ್ಡು ಹುಟ್ಟುತ್ತಿತ್ತು. ಹೆಂಗಸರಿಂದ ರಾತ್ರಿಪಾಳಿ ಮಾಡಿಸಲು ಆಗಿನ ಕಾನೂನಿನ ಅಡ್ಡಿ ಇತ್ತು. ಊರಿನ ಗಂಡಸರಿಗೆ ಅದಕ್ಕಿಂತ ಒಳ್ಳೆ ಕೆಲಸ ಸಿಗುತ್ತಿತ್ತು. ಹೀಗೆ ರಾತ್ರಿಪಾಳಿ ಮೀರ್‌ಪುರಿಗಳ ಪಾಲಿಗೆ ಬಂತು. ಒಂದೊಂದು ಮನೆಯಲ್ಲಿ ಹತ್ತಾರು ಗಂಡಸರು. ಹಗಲುಪಾಳಿಯವನು ಎದ್ದ ಹಾಸಿಗೆಯಲ್ಲೇ ರಾತ್ರಿಪಾಳಿಯವನು ಬಂದು ಮಲಗುತ್ತಿದ್ದ. ಇಡೀ ಪಾಳಿಯೇ ತಮ್ಮ ಕಡೆಯವರದು, ಮೇಸ್ತ್ರಿಗಷ್ಟೇ ಇಂಗ್ಲಿಷ್ ಬಂದರೆ ಸಾಕು. ಎರಡು ದಶಕ ಇಂಗ್ಲೆಂಡಿನಲ್ಲಿ ದುಡಿದರೂ ಇಂಗ್ಲಿಷ್ ಬರಲಿಲ್ಲ ಅಂದರೆ ಅದು ಸೋಮಾರಿತನವಲ್ಲ, ಆ ಕೆಲಸ ಇದ್ದದ್ದೇ ಹಾಗೆ.

ಇನ್ನೊಂದು ಮುಖ್ಯ ವಿಷಯ. ಅವರು ನೆಲೆಸೋಕೆ ಅಂತ ಹೋಗಿರಲಿಲ್ಲ. ನಾಲ್ಕು ವರ್ಷ ದುಡಿದು, ಊರಲ್ಲಿ ಮನೆ ಕಟ್ಟಿ, ಜಮೀನು ಕೊಂಡು ವಾಪಸ್ ಬರುವುದು ಲೆಕ್ಕಾಚಾರ. ಉಳಿಸಿದ್ದೆಲ್ಲ ಊರಿಗೆ ಹೋಯಿತು. ಇವತ್ತಿಗೂ ಹೊಸ ಮೀರ್‌ಪುರದಲ್ಲಿ ಪೌಂಡ್ ದುಡ್ಡಿನ ದೊಡ್ಡ ದೊಡ್ಡ ಕೋಠಿಗಳು ಬೀಗ ಹಾಕಿಕೊಂಡು ನಿಂತಿವೆ. ಬ್ರಿಟನ್ನಿನ ಸಂಪತ್ತಿನ ಸಮೀಕ್ಷೆಯವರು ಬಾಗಿಲು ತಟ್ಟುವುದು ಬ್ರಾಡ್‌ಫರ್ಡಿನ ಮನೆಯದು. ಮೂವತ್ತು ವರ್ಷದ ಉಳಿತಾಯ ಝೇಲಂ ದಂಡೆಯಲ್ಲಿ ಕಟ್ಟಡವಾಗಿ ನಿಂತಿದ್ದರೆ ಇಲ್ಲಿನ ಲೆಕ್ಕದಲ್ಲಿ ಆ ಮನುಷ್ಯ ಬಡವನೇ.

ಹೆಂಡತಿ ಮಕ್ಕಳು ಬಂದದ್ದು ತಡವಾಗಿ. 1962ರಿಂದ ಕಾನೂನು ಬಿಗಿಯಾಗುತ್ತಾ ಹೋಯಿತು, ಹೋಗಿಬಂದು ಮಾಡುವ ದಾರಿ ಮುಚ್ಚುತ್ತಾ ಬಂತು. ಆಗ ‘ಇನ್ನು ಇಲ್ಲೇ’ ಅಂತ ಸಂಸಾರ ಕರೆಸಿಕೊಂಡರು. ತಮಾಷೆ ನೋಡಿ, ಜನರನ್ನು ತಡೆಯಲು ಮಾಡಿದ ಕಾನೂನೇ ಒಂಟಿ ಗಂಡಸರನ್ನು ಕಾಯಂ ಕುಟುಂಬಗಳನ್ನಾಗಿ ಮಾಡಿತು. ಆ ಸಂಸಾರಗಳು ಇನ್ನೂ ಸರಿಯಾಗಿ ನೆಲೆಯೂರುವ ಮೊದಲೇ ಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ಮ್ಯಾನಿಂಗ್‌ಹ್ಯಾಮ್ ಬಡಾವಣೆಯ ಲಿಸ್ಟರ್ಸ್ ಮಿಲ್ ಒಂದು ಕಾಲಕ್ಕೆ ಜಗತ್ತಿನ ದೊಡ್ಡ ರೇಷ್ಮೆ ಗಿರಣಿಗಳಲ್ಲಿ ಒಂದು. ಅದೂ 1992ರಲ್ಲಿ ಬಾಗಿಲು ಹಾಕಿತು. ಆ ಹಳೇ ಕಟ್ಟಡದಲ್ಲಿ ಈಗ ಅಪಾರ್ಟ್‌ಮೆಂಟ್‌ಗಳಿವೆ.

ಗಿರಣಿ ಹೋದ ಮೇಲೆ ಸಿಕ್ಕಿದ್ದು ಸ್ಟಿಯರಿಂಗ್. 2004ರ ಸರ್ಕಾರಿ ಲೆಕ್ಕದಲ್ಲಿ ಕೆಲಸದಲ್ಲಿದ್ದ ಪ್ರತಿ 6 ಪಾಕಿಸ್ತಾನಿ ಗಂಡಸರಲ್ಲಿ ಒಬ್ಬ ಟ್ಯಾಕ್ಸಿ ಅಥವಾ ಕಾರು ಚಾಲಕ. ಬಿಳಿಯ ಬ್ರಿಟಿಷರಲ್ಲಿ ಇದು 100ಕ್ಕೆ ಒಬ್ಬ. ಟ್ಯಾಕ್ಸಿಯಲ್ಲೂ ರಾತ್ರಿಪಾಳಿಯೇ. ಗಿರಣಿಯಲ್ಲಿ ಜೊತೆಗಾರರಾದರೂ ಇದ್ದರು, ಇಲ್ಲಿ ಅದೂ ಇಲ್ಲ. ಬಡ್ತಿ ಇಲ್ಲ, ಪಿಂಚಣಿ ಇಲ್ಲ, ಕಲಿತು ಮೇಲೇರಲು ಮೆಟ್ಟಿಲೇ ಇಲ್ಲ.

ಐವತ್ತು ಪೌಂಡಿನ ಜೊತೆ ಬಂದದ್ದು

ಈಗ ಲೆಸ್ಟರ್‌ಗೆ ಬರೋಣ. 2021ರ ಜನಗಣತಿಯಲ್ಲಿ ಈ ಊರಿನ ನೂರಕ್ಕೆ 34 ಜನ ಭಾರತೀಯ ಮೂಲದವರು. ಬೆಲ್‌ಗ್ರೇವ್ ರಸ್ತೆಗೆ ‘ಗೋಲ್ಡನ್ ಮೈಲ್’ ಅಂತ ಹೆಸರು. ಚಿನ್ನದಂಗಡಿ, ಸೀರೆ ಅಂಗಡಿ, ಫರ್ಸಾಣ ಅನ್ನುವ ಗುಜರಾತಿ ಕುರುಕಲು ತಿಂಡಿಯ ಅಂಗಡಿ. ದೀಪಾವಳಿಗೆ ಇಡೀ ರಸ್ತೆಗೆ ದೀಪ ಹಾಕುತ್ತಾರೆ. ಇಲ್ಲಿನ ಗುಜರಾತಿಗಳಲ್ಲಿ ಬಹಳ ಮಂದಿ ನೇರ ಗುಜರಾತಿನಿಂದ ಬಂದವರಲ್ಲ. ಆಫ್ರಿಕಾ ಸುತ್ತಿ ಬಂದವರು.

ಬ್ರಿಟಿಷರು 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಾಕಿದಾಗ ಭಾರತದಿಂದ 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಒಯ್ದಿದ್ದರು. ಅವರಲ್ಲಿ ಬಹುಪಾಲು ಪಂಜಾಬಿನವರು, ಹೆಚ್ಚಿನವರು ವಾಪಸ್ ಬಂದರು. ರೈಲಿನ ಹಿಂದೆಯೇ ಅಂಗಡಿ ಇಡಲು ಹೋದವರು ಗುಜರಾತಿಗಳು. ಉಪ್ಪು, ಸಕ್ಕರೆ, ಬಟ್ಟೆ ಮಾರುವ ಈ ‘ಡುಕಾವಾಲಾ’ಗಳು ಎರಡು ಮೂರು ತಲೆಮಾರಿನಲ್ಲಿ ಉಗಾಂಡ, ಕೀನ್ಯಾದ ಪೇಟೆಗಳ ಮಧ್ಯಮ ವರ್ಗವಾದರು. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಗುಮಾಸ್ತರು, ಮೇಷ್ಟರು, ವಕೀಲರು, ಔಷಧಿ ಅಂಗಡಿಯವರು ಆದರು. ಮೇಲೆ ಬಿಳಿಯ ಅಧಿಕಾರಿ, ಕೆಳಗೆ ಆಫ್ರಿಕನ್, ನಡುವೆ ಇವರು. ಆ ಸಮೃದ್ಧಿ ವಸಾಹತುಶಾಹಿಯ ಏಣಿಯ ನಡುವಿನ ಮೆಟ್ಟಿಲಲ್ಲಿ ಸಿಕ್ಕಿದ್ದು. ಇದನ್ನು ಹೇಳದೆ ‘ಕಷ್ಟಪಟ್ಟು ಮೇಲೆ ಬಂದರು’ ಅಂತಷ್ಟೇ ಹೇಳಿದರೆ ಅರ್ಧ ಕಥೆ.

1972ರ ಆಗಸ್ಟ್‌ನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಕೊಟ್ಟ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ಸುಮಾರು 28 ಸಾವಿರ ಜನ ಬ್ರಿಟನ್‌ಗೆ ಬಂದರು. ಒಯ್ಯಲು ಬಿಟ್ಟ ನಗದು ಸುಮಾರು 50 ಪೌಂಡ್. ಲೆಸ್ಟರ್ ನಗರಸಭೆ ಗಾಬರಿಯಾಗಿ ‘ಉಗಾಂಡ ಆರ್ಗಸ್’ ಪತ್ರಿಕೆಯಲ್ಲಿ ಜಾಹೀರಾತನ್ನೇ ಕೊಟ್ಟಿತು: ನಮ್ಮ ಊರಲ್ಲಿ ಮನೆ ಇಲ್ಲ, ಶಾಲೆಯಲ್ಲಿ ಜಾಗ ಇಲ್ಲ, ನಿಮ್ಮ ಹಿತಕ್ಕಾಗಿಯೇ ಹೇಳ್ತೇವೆ, ದಯವಿಟ್ಟು ಬರಬೇಡಿ ಎಂಬ ಅರ್ಥದ್ದು. ಅದನ್ನು ಓದಿಯೇ ಕೆಲವರಿಗೆ ಲೆಸ್ಟರ್ ಅನ್ನೋ ಊರಿದೆ ಅಂತ ಗೊತ್ತಾಯಿತು ಅಂತ ಇವತ್ತಿಗೂ ಅಲ್ಲಿ ನಗುತ್ತಾರೆ.

ಕೈಯಲ್ಲಿ ದುಡ್ಡಿರಲಿಲ್ಲ ನಿಜ. ಆದರೆ ಇಂಗ್ಲಿಷ್ ಇತ್ತು. ಲೆಕ್ಕಪುಸ್ತಕ ಬರೆಯೋದು, ಸಾಲ ಎತ್ತೋದು, ಗಿರಾಕಿಯನ್ನು ಹಿಡಿದಿಡೋದು ಗೊತ್ತಿತ್ತು. ಇಂಥ ಬಂಡವಾಳವನ್ನು ವಿಮಾನ ನಿಲ್ದಾಣದಲ್ಲಿ ಯಾವ ಸೈನಿಕನೂ ಕಿತ್ತುಕೊಳ್ಳೋಕೆ ಆಗಲ್ಲ. ಜೊತೆಗೆ ಅವರು ಬಂದದ್ದು ಇಡೀ ಸಂಸಾರವಾಗಿ. ಅಜ್ಜಿ, ಗಂಡ ಹೆಂಡತಿ, ಮಕ್ಕಳು, ಎಲ್ಲ ಒಟ್ಟಿಗೆ. ವಾಪಸ್ ಹೋಗಲು ಊರೇ ಇಲ್ಲ. ದುಡ್ಡು ಕಳಿಸಲು ಅತ್ತ ಯಾರೂ ಉಳಿದಿಲ್ಲ. ದುಡಿದದ್ದೆಲ್ಲ ಇಲ್ಲೇ ಮನೆಗೆ, ಇಲ್ಲೇ ಅಂಗಡಿಗೆ, ಇಲ್ಲೇ ಮಕ್ಕಳ ಓದಿಗೆ.

ಹಾಗಂತ ಬಂದ ದಿನವೇ ಅಂಗಡಿ ತೆರೆದರು ಅಂತಲ್ಲ. ಉಗಾಂಡದ ರಾಜಧಾನಿ ಕಂಪಾಲಾದಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದವರು ಇಲ್ಲಿ ಕಾರ್ಖಾನೆಯ ಸಾಲಿನಲ್ಲಿ ನಿಂತರು. ಲೆಸ್ಟರ್‌ನ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯಲ್ಲಿ 1974ರಲ್ಲಿ ಏಷ್ಯನ್ ಕಾರ್ಮಿಕರು ಮೂರು ತಿಂಗಳಿಗೂ ಹೆಚ್ಚು ಮುಷ್ಕರ ಹೂಡಿದರು. ಸ್ವಂತ ಯೂನಿಯನ್ನಿನ ಸ್ಥಳೀಯ ಮುಖಂಡರೇ ಬೆಂಬಲಿಸಲಿಲ್ಲ. ಎರಡು ವರ್ಷದ ಮೇಲೆ ಲಂಡನ್ನಿನ ಗ್ರನ್‌ವಿಕ್ ಎಂಬ ಫೋಟೋ ತೊಳೆಯುವ ಕಾರ್ಖಾನೆಯಿಂದ ಜಯಾಬೆನ್ ದೇಸಾಯಿ ಹೊರನಡೆದರು. ಗುಜರಾತಿನಲ್ಲಿ ಹುಟ್ಟಿ, ಟಾಂಜಾನಿಯಾದಲ್ಲಿ ಬಾಳಿ ಬಂದ ಹೆಂಗಸು. ನೀವು ನಡೆಸುತ್ತಿರುವುದು ಕಾರ್ಖಾನೆಯಲ್ಲ, ಮೃಗಾಲಯ. ಅದರಲ್ಲಿ ಕುಣಿಯುವ ಕೋತಿಗಳೂ ಇರುತ್ತವೆ, ತಲೆ ಕಚ್ಚುವ ಸಿಂಹಗಳೂ ಇರುತ್ತವೆ, ನಾವು ಸಿಂಹಗಳು ಅಂತ ಮ್ಯಾನೇಜರ್ ಮುಖಕ್ಕೇ ಹೇಳಿದರು. ಸೀರೆ ಉಟ್ಟ ಹೆಂಗಸರ ಆ ಮುಷ್ಕರ 1978ರವರೆಗೆ ನಡೆದು ಸೋತಿತು. ಮುಷ್ಕರ ಸೋತರೂ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಸಮುದಾಯದ ಹೆಂಗಸರು ಬಂದ ಮೊದಲ ವರ್ಷಗಳಲ್ಲೇ ಸಂಬಳದ ಕೆಲಸಕ್ಕೆ ಇಳಿದಿದ್ದರು. ಐವತ್ತು ಪೌಂಡಿನಲ್ಲಿ ಬೇರೆ ದಾರಿಯೂ ಇರಲಿಲ್ಲ.

ಒಂದು ಸಂಬಳ, ಎರಡು ಸಂಬಳ

ಹೋಲಿಕೆಯ ಗಣಿತ ಅಡಗಿರುವುದು ಇಲ್ಲೇ. ಎರಡು ಮನೆ ಅಂದುಕೊಳ್ಳಿ. ಎರಡರಲ್ಲೂ ದುಡಿಯುವವರ ಸಂಬಳ ಒಂದೇ, ತಿಂಗಳಿಗೆ ಕೈಗೆ 2,000 ಪೌಂಡ್. ಮೊದಲ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಇಬ್ಬರು ಮಕ್ಕಳು. 4,000 ಪೌಂಡ್, ನಾಲ್ಕು ಜನ, ತಲೆಗೆ 1,000. ಎರಡನೇ ಮನೆಯಲ್ಲಿ ಗಂಡ ಮಾತ್ರ ದುಡಿಯುತ್ತಾನೆ, ಮೂವರು ಮಕ್ಕಳು, ಜೊತೆಗೆ ಅವನ ತಾಯಿ. 2,000 ಪೌಂಡ್, ಆರು ಜನ, ತಲೆಗೆ 333. ಸಂಬಳದಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ, ಆದರೂ ಬದುಕಿನಲ್ಲಿ ಮೂರು ಪಟ್ಟು ಅಂತರ. ಒಂದೇ ಸೂರಿನಡಿ ಬಾಡಿಗೆ, ವಿದ್ಯುತ್ ಹಂಚಿಕೊಳ್ಳುತ್ತಾರೆ ಅಂತ ಸರ್ಕಾರದ ಲೆಕ್ಕದಲ್ಲಿ ಎರಡನೇ ವಯಸ್ಕನಿಗೆ, ಮಕ್ಕಳಿಗೆ ಕಡಿಮೆ ತೂಕ ಕೊಡುತ್ತಾರೆ. ಹಾಗೆ ಮಾಡಿದರೂ ಅಂತರ ಸ್ವಲ್ಪ ಕುಗ್ಗುತ್ತದೆ, ಅಷ್ಟೇ.

2018ರ ಆಸುಪಾಸಿನ ಅಂಕಿಗಳಲ್ಲಿ ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದ ಹೆಂಗಸರಲ್ಲಿ ಸಂಬಳದ ಕೆಲಸದಲ್ಲಿದ್ದವರು ನೂರಕ್ಕೆ ಸುಮಾರು 40. ಭಾರತೀಯ ಮೂಲದ ಹೆಂಗಸರಲ್ಲಿ 70ರ ಹತ್ತಿರ. ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ಅತಿ ದೊಡ್ಡ ಅಂಕಿ ಇದು, ಗಂಟೆಯ ಸಂಬಳಕ್ಕಿಂತಲೂ ದೊಡ್ಡದು. ಬಡತನದ ಪಟ್ಟಿಯಲ್ಲಿ ಪಾಕಿಸ್ತಾನಿ ಕುಟುಂಬಗಳು ಯಾಕಿಷ್ಟು ಮೇಲಿವೆ ಅನ್ನೋದಕ್ಕೆ ಉತ್ತರ ಇದರಲ್ಲೇ ಇದೆ. ದೇಶದ ಮಧ್ಯದ ಆದಾಯದ ಶೇ. 60ಕ್ಕಿಂತ ಕಡಿಮೆ ಇದ್ದರೆ ಅಲ್ಲಿ ಬಡ ಕುಟುಂಬ. ಮನೆಬಾಡಿಗೆ, ಸಾಲದ ಬಡ್ಡಿ ಕಳೆದು ನೋಡಿದರೆ ಪಾಕಿಸ್ತಾನಿ ಮೂಲದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಈ ಗೆರೆಯ ಕೆಳಗಿದ್ದಾರೆ.

ಇಲ್ಲಿ ಸಂಸ್ಕೃತಿಯ ಪಾತ್ರ ಇಲ್ಲವೇ ಇಲ್ಲ ಅಂತ ನಾನು ಹೇಳೋದಿಲ್ಲ. ಪರ್ದಾ, ಬೇಗ ಮದುವೆ, ಊರಿಂದ ತಂದ ಸೊಸೆಗೆ ಇಂಗ್ಲಿಷ್ ಬಾರದಿರುವುದು, ಇವೆಲ್ಲ ಅಡ್ಡ ಬಂದಿವೆ. ಆದರೆ ಒಂದು ಸಂದೇಹ ಉಳಿಯುತ್ತದೆ. ಗುಜರಾತಿ ಹೆಂಗಸು ಕಾರ್ಖಾನೆಗೆ ಹೋದ ಕಾಲಕ್ಕೆ ಲೆಸ್ಟರ್‌ನಲ್ಲಿ ಕಾಲುಚೀಲ, ಬನಿಯನ್ ಹೆಣೆಯುವ ಹೊಸೈರಿ ಕಾರ್ಖಾನೆಗಳು ಆಳು ಹುಡುಕುತ್ತಿದ್ದವು. ಮೀರ್‌ಪುರಿ ಹೆಂಗಸು ಬ್ರಾಡ್‌ಫರ್ಡಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿ ಉಸಿರು ಬಿಡುವ ಹೊತ್ತಿಗೆ ಗಿರಣಿಗಳೇ ಇರಲಿಲ್ಲ. ಕೆಲಸಕ್ಕೆ ಹೋಗಬಾರದು ಅನ್ನೋ ಪದ್ಧತಿ ಎಷ್ಟು, ಹೋಗಲು ಕೆಲಸ ಇಲ್ಲದ್ದು ಎಷ್ಟು?

ಮನೆಯ ವಿಷಯದಲ್ಲೂ ಹೀಗೆ ಒಂದು ಕಣ್ಕಟ್ಟು. 2016ರಿಂದ 2018ರ ಲೆಕ್ಕದಲ್ಲಿ ಭಾರತೀಯ ಕುಟುಂಬಗಳಲ್ಲಿ ಶೇ. 74ರಷ್ಟು ಸ್ವಂತ ಮನೆಯವರು, ಬಿಳಿಯ ಬ್ರಿಟಿಷರಿಗಿಂತಲೂ ಜಾಸ್ತಿ. ಪಾಕಿಸ್ತಾನಿಗಳಲ್ಲಿ ಶೇ. 58. ಇಷ್ಟು ಬಡತನ ಇದ್ದರೂ ಅರ್ಧಕ್ಕಿಂತ ಹೆಚ್ಚು ಜನ ಸ್ವಂತ ಮನೆಯಲ್ಲಿ! ಕಾರಣ, ಬ್ರಾಡ್‌ಫರ್ಡಿನಂಥ ಊರಲ್ಲಿ ಗಿರಣಿ ಕಾಲದ ಸಾಲುಮನೆಗಳು ಅಗ್ಗ. ಬಿರಾದರಿಯವರು ಕೈಗಡ ಕೊಟ್ಟು ಕೊಡಿಸುತ್ತಿದ್ದರು. ಆದರೆ ಅದೇ ಸಮುದಾಯದ ನೂರಕ್ಕೆ 18 ಮನೆಗಳಲ್ಲಿ ಜನರಿಗೆ ತಕ್ಕಷ್ಟು ಕೋಣೆಗಳಿಲ್ಲ. ಬಿಳಿಯ ಬ್ರಿಟಿಷರಲ್ಲಿ ಇದು ನೂರಕ್ಕೆ 2. ಸ್ವಂತ ಮನೆ ಇದೆ ಅನ್ನೋದಷ್ಟೇ ಕೇಳಿದರೆ ಆ ಮನೆ ತೇವ ಹಿಡಿದ ನೂರು ವರ್ಷದ ಸಾಲುಮನೆ ಅನ್ನೋದು ಗೊತ್ತಾಗುವುದೇ ಇಲ್ಲ.

‘ಭಾರತೀಯ’ ಪೆಟ್ಟಿಗೆಯೊಳಗೆ ಯಾರಿದ್ದಾರೆ?

‘ಬ್ರಿಟನ್ನಿನ ಭಾರತೀಯರು’ ಅನ್ನುವ ಒಂದೇ ಹೆಸರಿನಡಿ ಜಲಂಧರಿನಿಂದ ಬಂದು ಪಶ್ಚಿಮ ಲಂಡನ್ನಿನ ಸೌತಾಲ್‌ನ ಕಾರ್ಖಾನೆ ಸೇರಿದ ಸಿಖ್ಖನಿದ್ದಾನೆ. ಕಂಪಾಲಾದ ಪಟೇಲ್ ಇದ್ದಾನೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಅಂತಲೇ ಕರೆಸಿಕೊಂಡ ಡಾಕ್ಟರುಗಳಿದ್ದಾರೆ. 2004ರಲ್ಲಿ ಕೆಲಸದಲ್ಲಿದ್ದ ಪ್ರತಿ 20 ಭಾರತೀಯ ಗಂಡಸರಲ್ಲಿ ಒಬ್ಬ ಡಾಕ್ಟರ್! ನಮ್ಮ ಕನ್ನಡಿಗರ ವಲಸೆಯೂ ಬಹುಮಟ್ಟಿಗೆ ಇದೇ ಸಾಲಿನದು. ಮೈಸೂರು, ದಾವಣಗೆರೆ, ಹುಬ್ಬಳ್ಳಿಯ ಮೆಡಿಕಲ್ ಕಾಲೇಜುಗಳಲ್ಲಿ ಓದಿ ಹೋದವರು, ಆಮೇಲೆ ಬೆಂಗಳೂರಿನ ಐಟಿ ಕಂಪನಿಗಳಿಂದ ಹೋದವರು. 2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ನಿಂತದ್ದರ ಹಿಂದೆ ಓಡಾಡಿದವರು ನೀರಜ್ ಪಾಟೀಲ್. ಅವರೂ ಡಾಕ್ಟರೇ. ವೀಸಾ ಸಿಗಬೇಕಾದರೆ ಡಿಗ್ರಿ ಬೇಕು, ಇಂಗ್ಲಿಷ್ ಪರೀಕ್ಷೆ ಬೇಕು, ಇಂತಿಷ್ಟು ಸಂಬಳದ ಕೆಲಸ ಬೇಕು. ಹೀಗೆ ಜರಡಿ ಹಿಡಿದು ಕಳಿಸಿದವರ ಸಂಬಳ ಜಾಸ್ತಿ ಇರೋದರಲ್ಲಿ ಆಶ್ಚರ್ಯ ಏನಿದೆ? ಇವರು ಬಂದು ಸೇರಿದಷ್ಟೂ ಭಾರತೀಯರ ಅಂಕಿ ಮೇಲಕ್ಕೆ ಹೋಗುತ್ತದೆ. ಲೆಸ್ಟರ್‌ನ ಹಳೆ ಕಾರ್ಮಿಕನ ಸಂಬಳ ಅದರಿಂದ ಒಂದು ಪೆನ್ನಿಯೂ ಏರಿರುವುದಿಲ್ಲ.

ಲೆಸ್ಟರ್ ಊರಾಗಿ ಶ್ರೀಮಂತವೂ ಅಲ್ಲ. ತಲಾ ಆದಾಯದಲ್ಲಿ ಬ್ರಿಟನ್ನಿನ ತೀರಾ ಕೆಳಗಿನ ನಗರಗಳಲ್ಲಿ ಅದೂ ಒಂದು. 2020ರ ಕೋವಿಡ್ ಹೊತ್ತಲ್ಲಿ ಅಲ್ಲಿನ ಗಾರ್ಮೆಂಟ್ ಶೆಡ್‌ಗಳಲ್ಲಿ ಗಂಟೆಗೆ ಮೂರೂವರೆ ಪೌಂಡ್ ಕೊಟ್ಟು ದುಡಿಸಿಕೊಳ್ಳುತ್ತಿದ್ದದ್ದು ಪತ್ರಿಕೆಗಳಲ್ಲಿ ಬಯಲಾಯಿತು. ಕಾನೂನಿನ ಕನಿಷ್ಠ ಕೂಲಿ ಆಗ 8.72 ಪೌಂಡ್. ಅಲ್ಲಿ ಹೊಲಿಯುತ್ತಿದ್ದವರಲ್ಲಿ ಭಾರತದಿಂದ ಹೊಸದಾಗಿ ಹೋದವರೂ ಇದ್ದರು. ‘ಎಲ್ಲರಿಗಿಂತ ಮುಂದೆ’ ಅನ್ನುವ ಸಂಖ್ಯೆಯಲ್ಲಿ ಇವರನ್ನು ಹುಡುಕಿದರೆ ಸಿಗಲ್ಲ.

ದುಡ್ಡು ಬಿಟ್ಟು ಉಳಿದ ಬದುಕನ್ನು ನೋಡಿದರೆ ಚಿತ್ರ ಇನ್ನಷ್ಟು ಗೋಜಲು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎರಡೂ ಸಮುದಾಯವನ್ನು ಬಿಳಿಯರಿಗಿಂತ ಜಾಸ್ತಿ ಕಾಡುತ್ತವೆ. ವಯಸ್ಸಾದ ಪಾಕಿಸ್ತಾನಿ ಹೆಂಗಸರು ತಮ್ಮ ಆರೋಗ್ಯ ಚೆನ್ನಾಗಿಲ್ಲ ಅಂತ ಹೇಳುವುದೂ ಜಾಸ್ತಿ. ಆದರೆ ಆಯುಷ್ಯದ ಅಂಕಿಯಲ್ಲಿ ಭಾರತೀಯರೂ ಪಾಕಿಸ್ತಾನಿಗಳೂ ಬಿಳಿಯ ಬ್ರಿಟಿಷರಿಗಿಂತ ಮುಂದಿದ್ದಾರೆ. ಕುಡಿತ ಕಡಿಮೆ, ಊರು ಬಿಟ್ಟು ಬರುವವರು ಸಾಮಾನ್ಯವಾಗಿ ಗಟ್ಟಿಮುಟ್ಟಾದವರೇ ಆಗಿರುವುದು, ಇವು ಸಂಶೋಧಕರು ಕೊಡುವ ಕಾರಣಗಳು. ದುಡ್ಡಿನ ಪಟ್ಟಿಯಲ್ಲಿ ಕೆಳಗಿರುವವನು ಆಯುಷ್ಯದ ಪಟ್ಟಿಯಲ್ಲೂ ಕೆಳಗಿರಬೇಕೆಂದೇನೂ ಇಲ್ಲ.

ಮದುವೆಯ ವಿಷಯ ಎತ್ತದೆ ಬ್ರಾಡ್‌ಫರ್ಡಿನ ಬಗ್ಗೆ ಯಾರೂ ಬರೆಯುವುದಿಲ್ಲ, ನಾನೂ ಎತ್ತುತ್ತೇನೆ. 2007ರಲ್ಲಿ ಶುರುವಾದ ‘ಬಾರ್ನ್ ಇನ್ ಬ್ರಾಡ್‌ಫರ್ಡ್’ ಅಧ್ಯಯನ 13 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸುತ್ತಿದೆ. ಮೊದಲ ಸುತ್ತಿನಲ್ಲಿ ಪಾಕಿಸ್ತಾನಿ ಮೂಲದ ತಾಯಂದಿರಲ್ಲಿ ನೂರಕ್ಕೆ 62ರಷ್ಟು ಜನರದ್ದು ರಕ್ತಸಂಬಂಧದ ಮದುವೆ. ಸುಮಾರು ಹತ್ತು ವರ್ಷದ ಮೇಲೆ ಇನ್ನೊಂದು ಸುತ್ತಿನಲ್ಲಿ ಅದು 46ಕ್ಕೆ ಇಳಿದಿದೆ. ಮಕ್ಕಳ ಜನ್ಮಜಾತ ಕಾಯಿಲೆಗೆ ಇದು ದಾರಿ ಅನ್ನೋದು ನಿಜ. ಅತ್ತೆಯ ಮಗ, ಸೋದರಮಾವನನ್ನು ಮದುವೆಯಾಗುವ ರೂಢಿ ಇರುವ ಕರ್ನಾಟಕದಲ್ಲಿ ಕೂತು ನಾವು ಇದಕ್ಕೆ ಮೂಗು ಮುರಿಯೋದು ಮಾತ್ರ ಸ್ವಲ್ಪ ಕಷ್ಟ, ಅಲ್ವಾ?

2001ರ ಬೇಸಿಗೆಯಲ್ಲಿ ಓಲ್ಡಮ್, ಬರ್ನ್‌ಲಿ, ಬ್ರಾಡ್‌ಫರ್ಡ್ ಈ ಗಿರಣಿ ಊರುಗಳು ಬಿಳಿಯರು ಮತ್ತು ಏಷ್ಯನ್ನರ ನಡುವಿನ ಗಲಭೆಯಲ್ಲಿ ಹೊತ್ತಿ ಉರಿದವು. ಆಮೇಲೆ ಟೆಡ್ ಕ್ಯಾಂಟಲ್ ನೇತೃತ್ವದ ವರದಿ ‘ಸಮಾಂತರ ಬದುಕುಗಳು’ ಅಂತ ಆ ಊರುಗಳನ್ನು ಬಣ್ಣಿಸಿತು. ಶಾಲೆ ಬೇರೆ, ಬೀದಿ ಬೇರೆ, ಕೆಲಸ ಬೇರೆ. ಗಿರಣಿಯಿದ್ದಾಗ ಹಗಲುಪಾಳಿ, ರಾತ್ರಿಪಾಳಿ ಅಂತ ಬೇರೆಯಾಗಿದ್ದವರು ಗಿರಣಿ ಹೋದ ಮೇಲೆ ಬೇರೆಯಾಗಿಯೇ ಉಳಿದರು. ಸೌಹಾರ್ದಕ್ಕೆ ಮಾದರಿ ಅಂತ ಹೊಗಳಿಸಿಕೊಂಡ ಲೆಸ್ಟರ್‌ನಲ್ಲೂ 2022ರಲ್ಲಿ ಭಾರತ-ಪಾಕಿಸ್ತಾನದ ಏಷ್ಯಾ ಕಪ್ ಕ್ರಿಕೆಟ್ ಪಂದ್ಯದ ನಂತರ ಹಿಂದೂ ಮತ್ತು ಮುಸ್ಲಿಂ ಯುವಕರ ನಡುವೆ ವಾರಗಟ್ಟಲೆ ಗಲಾಟೆ ನಡೆಯಿತು.

ತಾರತಮ್ಯದ ಲೆಕ್ಕವೂ ಇದೆ. 2019ರಲ್ಲಿ ಆಕ್ಸ್‌ಫರ್ಡಿನ ನಫೀಲ್ಡ್ ಕಾಲೇಜಿನ ಸಂಶೋಧಕರು ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಲ್ಲಿ ಕಂಪನಿಗಳಿಗೆ ಕಳಿಸಿ ನೋಡಿದರು. ಬಿಳಿಯ ಬ್ರಿಟಿಷ್ ಹೆಸರಿಗೆ ಬಂದಷ್ಟು ಉತ್ತರ ಬರಬೇಕಾದರೆ ಪಾಕಿಸ್ತಾನಿ ಮೂಲದ ಅರ್ಜಿದಾರ ಶೇ. 70ರಷ್ಟು ಹೆಚ್ಚು ಅರ್ಜಿ ಹಾಕಬೇಕಿತ್ತು.

ಅಟ್ಲಾಂಟಿಕ್ ದಾಟಿದರೆ

‘ಸಂಸ್ಕಾರ’ದ ವಾದವನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಅದೇ ಪಾಕಿಸ್ತಾನಿಗಳನ್ನು ಬೇರೆ ದೇಶದಲ್ಲಿ ನೋಡುವುದು. ಅಮೆರಿಕದಲ್ಲಿ ಪಾಕಿಸ್ತಾನಿ ಮೂಲದ ಕುಟುಂಬಗಳ ಆದಾಯ ಅಲ್ಲಿನ ರಾಷ್ಟ್ರೀಯ ಮಟ್ಟಕ್ಕಿಂತ ಮೇಲಿದೆ. ಅದೇ ಧರ್ಮ, ಅದೇ ದೇಶ. ಬೇರೆಯಾಗಿದ್ದು ಜರಡಿ. 1965ರ ವಲಸೆ ಕಾನೂನಿನ ನಂತರ ಅಮೆರಿಕ ಆರಿಸಿಕೊಂಡದ್ದು ಲಾಹೋರ್, ಕರಾಚಿಯ ಡಾಕ್ಟರು, ಇಂಜಿನಿಯರುಗಳನ್ನು. ಬ್ರಿಟನ್ ರಾತ್ರಿಪಾಳಿಗೆ ಕರೆದದ್ದು ಮುಳುಗಡೆಯ ರೈತರನ್ನು.

ಇನ್ನೊಂದು ಪರೀಕ್ಷೆ ಲಂಡನ್ನಿನಲ್ಲೇ ಇದೆ. ಬಾಂಗ್ಲಾದೇಶದ ಸಿಲ್ಹೆಟ್‌ನಿಂದ ಬಂದವರು ಮೀರ್‌ಪುರಿಗಳಷ್ಟೇ, ಕೆಲವು ಲೆಕ್ಕದಲ್ಲಿ ಅವರಿಗಿಂತ ಬಡವರು. ಮುಸ್ಲಿಮರು, ಹಳ್ಳಿಯವರು, ಗಂಡಸರು ಹೋಟೆಲ್ ಅಡುಗೆಮನೆಯಲ್ಲಿ. 1990ರ ದಶಕದಲ್ಲಿ ಅವರ ಮಕ್ಕಳು ಶಾಲೆಯಲ್ಲಿ ತೀರಾ ಹಿಂದಿದ್ದರು. ಈಗ ಹದಿನಾರನೇ ವಯಸ್ಸಿನ ಪರೀಕ್ಷೆಯಲ್ಲಿ ಬಿಳಿಯ ಬ್ರಿಟಿಷ್ ಮಕ್ಕಳನ್ನು ದಾಟಿ ಹೋಗಿದ್ದಾರೆ. ಪಾಕಿಸ್ತಾನಿ ಮಕ್ಕಳು ಅಷ್ಟು ದೂರ ಬಂದಿಲ್ಲ, ಬಿಳಿಯ ಮಕ್ಕಳ ಸರಿಸುಮಾರಿಗೆ ಇದ್ದಾರೆ. ಒಂದು ದೊಡ್ಡ ಕಾರಣ ಊರು. ಬಾಂಗ್ಲಾದೇಶಿಗಳು ನೆಲೆಯೂರಿದ್ದು ಹೆಚ್ಚಾಗಿ ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ. 2003ರಿಂದ ಲಂಡನ್ ಶಾಲೆಗಳಿಗೆ ಸರ್ಕಾರ ದುಡ್ಡೂ ಗಮನವೂ ಕೊಟ್ಟಿತು. ಮನೆಯಿಂದ ಕಾಲಳತೆಯಲ್ಲಿ ಬ್ಯಾಂಕುಗಳು, ಆಫೀಸುಗಳು. ಬ್ರಾಡ್‌ಫರ್ಡಿನ ಹುಡುಗನಿಗೆ ಅಷ್ಟೇ ಅಂಕ ಬಂದರೂ ಮನೆಯ ಹತ್ತಿರ ಅಂಥ ಕೆಲಸ ಸಿಗೋದಿಲ್ಲ.

ಲಂಡನ್ ಮೇಯರ್ ಸಾದಿಕ್ ಖಾನ್ ಪಾಕಿಸ್ತಾನಿ ಮೂಲದ ಬಸ್ ಡ್ರೈವರ್ ಮಗ. ಸಾಜಿದ್ ಜಾವಿದ್ ಹಣಕಾಸು ಮಂತ್ರಿಯಾಗಿದ್ದರು, ಅವರ ತಂದೆಯೂ ಬಸ್ ಓಡಿಸಿದವರು. ಸುನಕ್ ತಂದೆ ಡಾಕ್ಟರ್, ಕೀನ್ಯಾದಲ್ಲಿ ಹುಟ್ಟಿದವರು. ತಾಯಿ ಔಷಧಿ ಅಂಗಡಿ ನಡೆಸಿದವರು. ಹೊರಟ ಜಾಗದಿಂದ ಅಳೆದರೆ ಹೆಚ್ಚು ದೂರ ಬಂದವರು ಯಾರು ಅನ್ನೋದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ ಸಂಬಳದ ಪಟ್ಟಿಯಲ್ಲಿ ಅಂಕಣವೇ ಇಲ್ಲ.

ಈಗಿನ ಅಂಕಿಗಳೂ ಹೀಗೇ ಉಳಿಯುವುದಿಲ್ಲ. ಪಾಕಿಸ್ತಾನಿ ಮೂಲದ ಹುಡುಗಿಯರು ಬಿಳಿಯ ಹುಡುಗಿಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ವಿಶ್ವವಿದ್ಯಾಲಯ ಸೇರುತ್ತಿದ್ದಾರೆ, ಕೆಲಸಕ್ಕೆ ಹೋಗುವವರ ಸಂಖ್ಯೆಯೂ ಏರುತ್ತಿದೆ. ಇತ್ತ 2021ರ ನಂತರ ಭಾರತದಿಂದ ಹೋದವರಲ್ಲಿ ಮೊದಲಿನಂತೆ ಡಾಕ್ಟರು, ಟೆಕ್ಕಿಗಳಷ್ಟೇ ಇಲ್ಲ. ಸಾಲ ಮಾಡಿ ಓದಲು ಹೋಗಿ ಗೋದಾಮಿನಲ್ಲಿ ದುಡಿಯುವ ವಿದ್ಯಾರ್ಥಿಗಳಿದ್ದಾರೆ. ವೃದ್ಧಾಶ್ರಮಗಳಲ್ಲಿ ಕಡಿಮೆ ಸಂಬಳಕ್ಕೆ, ವೀಸಾ ಕೊಡಿಸಿದ ಮಾಲೀಕನನ್ನು ಬಿಟ್ಟು ಹೋಗಲಾಗದೆ ದುಡಿಯುವ ಆರೈಕೆಯವರಿದ್ದಾರೆ. ಮುಂದಿನ ಜನಗಣತಿಯ ನಮೂನೆಯಲ್ಲಿ ಇವರೂ, ಲಂಡನ್ನಿನ ಹಾರೋ ಬಡಾವಣೆಯಲ್ಲಿ ಮನೆ ಕೊಂಡ ಬೆಂಗಳೂರಿನ ಐಟಿ ಮ್ಯಾನೇಜರೂ, ಬೆಲ್‌ಗ್ರೇವ್ ರಸ್ತೆಯಲ್ಲೇ ಹುಟ್ಟಿದ ಮೂರನೇ ತಲೆಮಾರಿನ ಪಟೇಲನೂ ಟಿಕ್ ಹಾಕುವುದು ಒಂದೇ ಪೆಟ್ಟಿಗೆಗೆ.